ಓದಲಾಗದ ಕಾಗದಕ್ಕೆ ಒತ್ತಿಸಿಕೊಂಡ ಹೆಬ್ಬೆಟ್ಟು

2025ನೆಯ ಇಸವಿ ನವೆಂಬರ್ 21ನೆಯ ತಾರೀಖು ಶುಕ್ರವಾರದಂದು ಕೇಂದ್ರ ಸರ್ಕಾರದವರು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ದೇಶದಾದ್ಯಂತ ಜಾರಿಗೆ ತಂದರೆಂಬುದು ವಾಚಕ ಮಹಾಶಯರಿಗೆ ತಿಳಿದ ವಿಷಯವೇ ಆಗಿದೆ. ಇವುಗಳಲ್ಲಿ ವೇತನ ಸಂಹಿತೆಯು 2019ರಲ್ಲಿಯೂ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಇವುಗಳನ್ನು ಕುರಿತ ಮಿಕ್ಕ ಮೂರು 2020ರ ಸೆಪ್ಟೆಂಬರಿನಲ್ಲಿಯೂ ಪಾರ್ಲಿಮೆಂಟಿನ ಅಂಗೀಕಾರವನ್ನು ಪಡೆದಿದ್ದವು. 29 ಹಳೆಯ ಕಾಯಿದೆಗಳು ಇವುಗಳ ಹೊಟ್ಟೆಯೊಳಗೆ ಕರಗಿಹೋದವು. ಐದು ವರ್ಷಗಳ ಕಾಲ ಪೆಟ್ಟಿಗೆಯಲ್ಲಿ ಮಲಗಿದ್ದ ಶಾಸನವು ಎಚ್ಚತ್ತ ದಿನವೇ ಘೋಷಣೆಯೂ ಆಯಿತು, ಆಚರಣೆಯೂ ಆರಂಭವಾಯಿತು. ದೆಹಲಿಯಲ್ಲಿ ಇದನ್ನು ಚರಿತ್ರಾರ್ಹವೆಂದು ಹೊಗಳಿದವರುಂಟು. ಕಾರ್ಮಿಕ ಸಂಘಗಳಲ್ಲಿ ಇದನ್ನು ಶುದ್ಧ ಮೋಸವೆಂದು ಖಂಡಿಸಿದವರುಂಟು. ಹೊಗಳಿಕೆ ತೆಗಳಿಕೆಗಳೆರಡನ್ನೂ ತುಸು ಹೊತ್ತು ಬದಿಗಿಟ್ಟು ನಾವು ಒಂದು ಸಣ್ಣ ಪ್ರಶ್ನೆಯನ್ನು ಕೇಳುತ್ತೇವೆ. ಈ ಸಂಹಿತೆಗಳಿಗೆ ಒಳಪಟ್ಟಿರುವ ಸಂತೆಮರಹಳ್ಳಿಯ ಒಬ್ಬ ಕೂಲಿಕಾರನು, ಅಥವಾ ಅವನಿಗೆ ಕೂಲಿ ಕೊಡುವ ಒಬ್ಬ ಗಿರಣಿಯ ಯಜಮಾನನು, ಇವುಗಳನ್ನು ಯಾವ ಭಾಷೆಯಲ್ಲಿ ಓದಿ ತಿಳಿಯಬೇಕು?

ಸಂತೆಮರಹಳ್ಳಿಯನ್ನೇ ಏಕೆ ಹೆಸರಿಸಿದೆವೆಂದರೆ, ಅದು ಕಾರ್ಖಾನೆಗಳ ನಗರವಲ್ಲ, ಕೇವಲ ಹೊಲಗದ್ದೆಗಳ ಹಳ್ಳಿಯೂ ಅಲ್ಲ. ಹೆಸರಿನಲ್ಲಿಯೇ ಸಂತೆಯನ್ನು ಹೊತ್ತ ಊರು. ಸರ್ಕಾರದ ರೇಷ್ಮೆ ಬಿಚ್ಚಣಿಕೆ ಕಾರ್ಖಾನೆಯನ್ನು ಕಂಡ ಊರು. ಒಂದು ಕಡೆಗೆ ನಡೆದರೆ ಚಾಮರಾಜನಗರದ ಕರಿಕಲ್ಲಿನ ಗಣಿಗಳು; ಇನ್ನೊಂದು ಕಡೆಗೆ ಯಳಂದೂರು, ಅದರಾಚೆ ಕೊಳ್ಳೇಗಾಲದ ಮಗ್ಗಗಳು; ಜಿಲ್ಲೆಯ ಬದನಗುಪ್ಪೆ-ಕೆಲ್ಲಂಬಳ್ಳಿಯಲ್ಲಿ ಸರ್ಕಾರದವರೇ ಬೆಳೆಸಿದ ಕೈಗಾರಿಕಾ ಪ್ರದೇಶ. ಇಲ್ಲಿಯ ಸಂಸಾರಗಳಲ್ಲಿ ಒಬ್ಬನು ಉತ್ತರೆ, ಇನ್ನೊಬ್ಬಳು ಹೊಲಿಗೆಯ ಯಂತ್ರದ ಮುಂದೆ ಕುಳಿತರೆ, ಮೂರನೆಯವನು ಹೋಟೆಲಿನಲ್ಲಿ ಲೋಟ ತೊಳೆಯುತ್ತಾನೆ. ಈ ಊರಿನವರಿಗೆ ಸಣ್ಣದರ ಬೆಲೆ ಎಷ್ಟೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಂದಿನ ಸಂತೆಮರಹಳ್ಳಿ ಕ್ಷೇತ್ರದ ಸೋಲು ಗೆಲುವು ಒಂದೇ ಒಂದು ಮತದಿಂದ ನಿರ್ಣಯವಾಯಿತು. ಒಂದು ಮತವು ಶಾಸಕನನ್ನು ಮಾಡಬಲ್ಲುದಾದರೆ ಕಾಯಿದೆಯಲ್ಲಿನ ಒಂದು ಮಾತು ಇರುವುದೂ ಇಲ್ಲದಿರುವುದೂ ಒಂದು ಮನೆಯ ಅನ್ನವನ್ನು ನಿರ್ಣಯಿಸಬಲ್ಲುದು. ಅಂಥ ಒಂದು ಮಾತು ಕಾಣೆಯಾದ ಸಂಗತಿಯನ್ನೇ ಇಲ್ಲಿ ಹೇಳಹೊರಟಿರುವುದು.

ಮೊದಲು ಈ ಸಂಹಿತೆಗಳು ಕೊಟ್ಟುದೇನು ಎಂಬುದನ್ನು ನ್ಯಾಯವಾಗಿ ಹೇಳಿಬಿಡೋಣ. ಕನಿಷ್ಠ ಕೂಲಿಯ ಹಕ್ಕು ಹಿಂದೆ ಅನುಸೂಚಿಯಲ್ಲಿ ಹೆಸರಿಸಿದ ಉದ್ಯೋಗಗಳಿಗೆ ಮಾತ್ರ ಇದ್ದಿತು; ಈಗ ಅದು ಎಲ್ಲ ಉದ್ಯೋಗಗಳಿಗೂ ಹಬ್ಬಿದೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ದಿನ ಕಳೆಯುವುದರೊಳಗೆ ಕೊಡಬೇಕು. ಕೆಲಸದಿಂದ ತೆಗೆದವನಿಗೂ ಬಿಟ್ಟವನಿಗೂ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಗೊತ್ತಾದ ಅವಧಿಗೆ ನೇಮಕವಾದವನಿಗೆ ಗ್ರಾಚ್ಯುಟಿ ದೊರೆಯಲು ಐದು ವರ್ಷ ಕಾಯಬೇಕಾಗಿಲ್ಲ, ಒಂದು ವರ್ಷದ ಸೇವೆ ಸಾಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಯಲ್ಲಿ ಪ್ರತಿಯೊಬ್ಬನಿಗೂ ನೇಮಕಾತಿ ಪತ್ರವನ್ನು ಕೊಡಬೇಕು. ಮೊದಲೇ ಕೆಲಸದಲ್ಲಿದ್ದು ಪತ್ರ ಪಡೆಯದವನಿಗೆ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕೆಂದು ವಿಧಿಯಿದೆ. (ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರವೆಂದು ಸಾರಿದವರು ಈ ಹತ್ತರ ಲೆಕ್ಕವನ್ನು ದೊಡ್ಡ ದನಿಯಲ್ಲಿ ಹೇಳಲಿಲ್ಲ. ನಾಲ್ಕಾಳಿನ ಹೋಟೆಲಿನ ಹುಡುಗನು ಆ ಪತ್ರಕ್ಕಾಗಿ ಕಾದು ಕುಳಿತರೆ ಕಾದೇ ಇರಬೇಕಾದೀತು.)

ಕಿತ್ತುಕೊಂಡುದನ್ನೂ ಹೇಳಬೇಕು. ಆಳುಗಳನ್ನು ಕಡಿಮೆ ಮಾಡುವುದಕ್ಕೂ ಕಾರ್ಖಾನೆಯನ್ನು ಮುಚ್ಚುವುದಕ್ಕೂ ಸರ್ಕಾರದ ಅಪ್ಪಣೆ ಬೇಕೆಂಬ ಕಟ್ಟು 100 ಜನರಿದ್ದ ಕಡೆಗೆ ಅನ್ವಯಿಸುತ್ತಿದ್ದುದು ಈಗ 300ಕ್ಕೆ ಏರಿದೆ. ಕೆಲಸದ ಕಟ್ಟಳೆಗಳನ್ನು ಬರೆದಿಡಬೇಕೆಂಬ ವಿಧಿಯೂ 100ರಿಂದ 300ಕ್ಕೆ ಹೋಗಿದೆ. ವಿದ್ಯುಚ್ಛಕ್ತಿಯಿಂದ ನಡೆಯುವ ಕಡೆ 10 ಜನರಿದ್ದರೆ ಕಾರ್ಖಾನೆಯೆನಿಸುತ್ತಿತ್ತು, ಈಗ 20 ಬೇಕು. ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇದ್ದ ಮುಷ್ಕರದ ಪೂರ್ವಸೂಚನೆಯ ಕಟ್ಟು ಈಗ ಎಲ್ಲ ಕೈಗಾರಿಕೆಗಳಿಗೂ 14 ದಿನದ ಲೆಕ್ಕದಲ್ಲಿ ಬಂದಿದೆ. ಇದು ಲಾಭವೋ ನಷ್ಟವೋ ಎಂಬ ವಿಚಾರದಲ್ಲಿ ಕಾರ್ಖಾನೆಯವರಿಗೂ ಕಾರ್ಮಿಕರಿಗೂ ಎಂದೂ ಒಮ್ಮತ ಬರಲಾರದು. ನಮಗೆ ಕಾರ್ಮಿಕರ ಕಡೆಗೇ ಒಲವೆಂಬುದನ್ನು ಬಚ್ಚಿಡುವುದಿಲ್ಲ. ಆದರೆ ಇಬ್ಬರೂ ಒಪ್ಪಬೇಕಾದ ಒಂದು ಮಾತಿದೆ. ಕೊಟ್ಟುದು ಏನೆಂದು ತಿಳಿಯದವನಿಗೆ ಅದು ದೊರೆಯುವುದಿಲ್ಲ. ಕಿತ್ತುಕೊಂಡುದು ಏನೆಂದು ತಿಳಿಯದವನಿಗೆ ಅದರ ವಿರುದ್ಧ ಬಾಯಿ ತೆರೆಯಲು ಬರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಲ್ಲಿ ಪೂಜಾರಿಯ ಸ್ಥಾನದಲ್ಲಿ ಈಗ ಇಂಗ್ಲಿಷ್ ಭಾಷೆಯು ಕುಳಿತಿದೆ.

ಕಾಣೆಯಾದ ಮಾತು ಇದು. 1936ರ ವೇತನ ಪಾವತಿ ಕಾಯಿದೆಯು, ಕಾಯಿದೆಯ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ ಕಾರ್ಖಾನೆಯ ಬಹುಮಂದಿ ಕೆಲಸಗಾರರ ಭಾಷೆಯಲ್ಲಿಯೂ ಬರೆದು ತೂಗುಹಾಕಬೇಕೆಂದು ತನ್ನ 25ನೆಯ ಕಲಮಿನಲ್ಲಿ ಹೇಳಿದ್ದಿತು. 1946ರ ಸ್ಥಾಯೀ ಆದೇಶಗಳ ಕಾಯಿದೆಯು, ಕೆಲಸದ ಕಟ್ಟಳೆಗಳನ್ನು ಇಂಗ್ಲಿಷಿನಲ್ಲಿಯೂ ಬಹುಮಂದಿಗೆ ಅರ್ಥವಾಗುವ ಭಾಷೆಯಲ್ಲಿಯೂ ಬಾಗಿಲ ಬಳಿಯ ಹಲಗೆಯ ಮೇಲೆ ಎದ್ದುಕಾಣುವಂತೆ ಅಂಟಿಸಬೇಕೆಂದು ತನ್ನ 9ನೆಯ ಕಲಮಿನಲ್ಲಿ ಹೇಳಿದ್ದಿತು. 1948ರ ಕಾರ್ಖಾನೆ ಕಾಯಿದೆಯ 108ನೆಯ ಕಲಮೂ ಇದೇ ಮಾತನ್ನಾಡಿತು. ಈ ಮೂರರಲ್ಲಿ ಮೊದಲ ಎರಡು ಬ್ರಿಟಿಷರ ಆಳಿಕೆಯ ಕಾಲದಲ್ಲಿ ಹುಟ್ಟಿದವು! ಈಗ ವೇತನ ಸಂಹಿತೆಯ 50ನೆಯ ಕಲಮನ್ನು ತೆರೆದು ನೋಡಿರಿ. ಸಂಹಿತೆಯ ಸಾರಾಂಶ, ಕೂಲಿಯ ದರ, ಬಟವಾಡೆಯ ದಿನ, ಅಧಿಕಾರಿಯ ಹೆಸರು ವಿಳಾಸ, ಇವನ್ನೆಲ್ಲ ಫಲಕದ ಮೇಲೆ ಹಾಕಬೇಕೆಂದಿದೆ. ಯಾವ ಭಾಷೆಯಲ್ಲಿ ಎಂದು ಆ ಕಲಮಿನಲ್ಲಿ ಇಲ್ಲ. ಕೈಗಾರಿಕಾ ಸಂಬಂಧಗಳ ಸಂಹಿತೆಯು ಕಟ್ಟಳೆಗಳನ್ನು ನಿಯಮದಲ್ಲಿ ಗೊತ್ತುಪಡಿಸಬಹುದಾದ ಭಾಷೆಯಲ್ಲಿ ಇಡಬೇಕೆಂದು ಹೇಳಿ ಸುಮ್ಮನಾಗಿದೆ. ಕೆಲಸಗಾರನ ಭಾಷೆಯು ಶಾಸನದ ಒಳಮನೆಯಲ್ಲಿ ಕುಳಿತಿದ್ದುದು; ಈಗ ಅದನ್ನು ನಿಯಮವೆಂಬ ಜಗಲಿಗೆ ತಂದು ಕೂರಿಸಿದ್ದಾರೆ. ಶಾಸನವನ್ನು ತಿದ್ದಬೇಕಾದರೆ ಸಭೆ ಸೇರಬೇಕು, ಚರ್ಚೆಯಾಗಬೇಕು, ಮತ ಬೀಳಬೇಕು. ನಿಯಮವನ್ನು ತಿದ್ದಲು ಒಂದು ಅಧಿಸೂಚನೆ ಸಾಕು. ಪರಕೀಯರ ಕಾಲದ ಕಾಯಿದೆ ನೇರವಾಗಿ ಕೊಟ್ಟಿದ್ದ ಹಕ್ಕನ್ನು ಸ್ವಕೀಯರ ಕಾಯಿದೆಯು ಅಧಿಕಾರಿಗಳ ಮರ್ಜಿಗೆ ಬಿಡುವುದು ಯಾವ ಬಗೆಯ ಪ್ರಗತಿ?

ಇದರಿಂದಾಗುವ ಹಾನಿಯು ಕೇವಲ ಗೋಡೆಯ ಮೇಲಿನ ಕಾಗದದ್ದಲ್ಲ. ನಮ್ಮ ವಿಧಾನಮಂಡಲವೇ 2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾಯಿದೆಗೆ ತಂದ ತಿದ್ದುಪಡಿಯನ್ನು ನೆನೆಯಿರಿ. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದೆಂದೂ, ಮೂರು ತಿಂಗಳಲ್ಲಿ 75 ಗಂಟೆಯಿದ್ದ ಹೆಚ್ಚುವರಿ ದುಡಿಮೆಯನ್ನು 144 ಗಂಟೆಗೆ ಏರಿಸಬಹುದೆಂದೂ ಆ ತಿದ್ದುಪಡಿಯು ಹೇಳಿತು. ದಿನದ ದುಡಿಮೆಯನ್ನು ಹೀಗೆ ಉದ್ದ ಮಾಡಲು ಕೆಲಸಗಾರನ ಲಿಖಿತ ಸಮ್ಮತಿ ಬೇಕೆಂಬ ಒಂದು ಬೇಲಿಯನ್ನೂ ಹಾಕಿತು. ಹೊಸ ಸಂಹಿತೆಯಲ್ಲಿಯೂ ಹೆಂಗಸರನ್ನು ರಾತ್ರಿ ಪಾಳಿಗೆ ಕರೆಯಬೇಕಾದರೆ ಅವರ ಸಮ್ಮತಿ ಬೇಕು. ಬೇಲಿ ಒಳ್ಳೆಯದೇ. ಆದರೆ ಆ ಸಮ್ಮತಿಯ ಕಾಗದವು ಯಾವ ಭಾಷೆಯದು? 1872ರ ಕರಾರು ಕಾಯಿದೆಯ 13ನೆಯ ಕಲಮು ಸಮ್ಮತಿಯೆಂದರೇನೆಂಬುದನ್ನು ಹೇಳುತ್ತದೆ: ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಸಂತೆಮರಹಳ್ಳಿಯ ಬಸ್ಸು ಹತ್ತಿ ಬೆಳಗಿನ ಜಾವ ಹೊರಡುವ ಹೆಣ್ಣುಮಗಳು ತನಗೆ ಬಾರದ ಭಾಷೆಯ ಮುದ್ರಿತ ಕಾಗದದ ಕೆಳಗೆ, ಮೇಸ್ತ್ರಿಯು ಬೆರಳಿಟ್ಟು ತೋರಿಸಿದ ಕಡೆ ರುಜು ಹಾಕಿದಳೆಂದರೆ ಅವಳು ಒಪ್ಪಿದ್ದು ಏನನ್ನು? ಕಾಗದದಲ್ಲಿರುವುದನ್ನಲ್ಲ, ಮೇಸ್ತ್ರಿಯ ಬೆರಳನ್ನು.

ಹತ್ತು ಗುಂಟೆ ಜಮೀನಿನ ಕ್ರಯಪತ್ರಕ್ಕೂ ನಮ್ಮಲ್ಲಿ ಒಂದು ಮರ್ಯಾದೆಯುಂಟು. ಪತ್ರವನ್ನು ಓದಿಸಿ ಕೇಳಿ ಸರಿಯೆಂದು ಒಪ್ಪಿ ರುಜು ಮಾಡಿದ್ದೇನೆಂದು ಬರೆದುಕೊಡುವ ವಾಡಿಕೆ ಹಳ್ಳಿಯ ಪತ್ರಬರಹಗಾರನಿಗೂ ಗೊತ್ತು. ಹತ್ತು ಗುಂಟೆ ಮಾರುವವನಿಗೆ ಸಲ್ಲುವ ಈ ಮರ್ಯಾದೆ ದಿನದ ಹನ್ನೆರಡು ಗಂಟೆಯ ದೇಹಶ್ರಮವನ್ನು ಮಾರುವವಳಿಗೆ ಸಲ್ಲಬಾರದೇಕೆ?

ಈ ಪ್ರಾಂತದವರಿಗೆ ಕಾಗದದ ಭಾಷೆಯ ಸಂಕಟವು ಹೊಸತಲ್ಲ. ಸಂತೆಮರಹಳ್ಳಿಯು ಮೈಸೂರು ಸೀಮೆಯಲ್ಲಿದ್ದಾಗ, ಯಳಂದೂರನ್ನು ದಾಟಿದರೆ ಸಿಕ್ಕುವ ಕೊಳ್ಳೇಗಾಲವು ಮದರಾಸು ಆಧಿಪತ್ಯಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿದ್ದಿತು. ಒಂದೇ ಮಾತು, ಒಂದೇ ಮನೆದೇವರು, ಕೊಡುವ ತರುವ ನೆಂಟಸ್ತಿಕೆ. ಆದರೆ ಗಡಿಯ ಆಚೆ ಒಂದು ಕಾನೂನು, ಈಚೆ ಇನ್ನೊಂದು. ಕೊಳ್ಳೇಗಾಲದ ನೇಯ್ಗೆಯವನು ಜಿಲ್ಲೆಯ ದೊಡ್ಡ ಕಚೇರಿಯನ್ನು ಕಾಣಬೇಕಾದರೆ ಕನ್ನಡವು ನಡೆಯದ ಕೊಯಮತ್ತೂರಿನವರೆಗೆ ಹೋಗಬೇಕು. 1956ರ ನವೆಂಬರ್ 1ರಂದು ಆ ತಾಲ್ಲೂಕು ಕನ್ನಡ ರಾಜ್ಯವನ್ನು ಕೂಡಿಕೊಂಡಿತು. ಏಕೀಕರಣವೆಂದರೆ ಭೂಪಟದಲ್ಲಿ ಗೆರೆ ಬದಲಾಯಿಸುವುದೆಂದು ಯಾರೂ ಭಾವಿಸಿರಲಿಲ್ಲ. ಪ್ರಜೆಯು ತನ್ನ ಸರ್ಕಾರದೊಡನೆ ತನ್ನ ಮಾತಿನಲ್ಲಿ ವ್ಯವಹರಿಸಬೇಕೆಂಬುದೇ ಅದರ ಹುರುಳು. 1963ರಲ್ಲಿ ಕನ್ನಡವನ್ನು ರಾಜ್ಯದ ಅಧಿಕೃತ ಭಾಷೆಯಾಗಿ ಸಾರುವ ಕಾಯಿದೆಯೂ ಬಂದಿತು. ಆದರೆ ಕೊಯಮತ್ತೂರಿನವರೆಗೆ ನಡೆಯುವ ಶ್ರಮ ತಪ್ಪಿದ ಕೊಳ್ಳೇಗಾಲದವನಿಗೆ ಈಗ ಕಾಗದವೇ ದೆಹಲಿಯಿಂದ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ನಡೆದು ಬರುತ್ತದೆ.

ಕೇಂದ್ರದ ಕಾಯಿದೆಗಳು ಇಂಗ್ಲಿಷಿನಲ್ಲಿರುವುದು ಸಂವಿಧಾನದ 348ನೆಯ ಅನುಚ್ಛೇದದ ಫಲ, ಅದಕ್ಕೆ ಯಾರೇನು ಮಾಡಲಾದೀತು ಎಂದು ಕೆಲವು ವಿದ್ವಾಂಸರು ಕೈಚೆಲ್ಲುವುದುಂಟು. ಅವರು 1973ರ ಒಂದು ಪುಟ್ಟ ಶಾಸನವನ್ನು ಮರೆತಂತಿದೆ. ಕೇಂದ್ರ ಕಾಯಿದೆಗಳ ಅಧಿಕೃತ ಪಾಠಗಳ ಶಾಸನವೆಂದು ಅದರ ಹೆಸರು. ರಾಷ್ಟ್ರಪತಿಗಳ ಅಧಿಕಾರದ ಮೇರೆಗೆ ಗೆಜೆಟ್ಟಿನಲ್ಲಿ ಪ್ರಕಟವಾದ ಪ್ರಾದೇಶಿಕ ಭಾಷೆಯ ಅನುವಾದವನ್ನು ಅಧಿಕೃತ ಪಾಠವೆಂದೇ ಎಣಿಸಬೇಕೆಂದು ಅದು ಹೇಳುತ್ತದೆ. ದಾರಿಯು ಐವತ್ತು ವರ್ಷಗಳಿಂದ ತೆರೆದೇ ಇದೆ. ಶಾಸನವು ಪೆಟ್ಟಿಗೆಯಲ್ಲಿ ಮಲಗಿದ್ದ ಐದು ವರ್ಷಗಳಲ್ಲಿ ಕನ್ನಡದ ಅಧಿಕೃತ ಪಾಠವನ್ನು ಸಿದ್ಧಪಡಿಸಿ, ಜಾರಿಯಾದ ದಿನವೇ ಜನರ ಕೈಗಿಡಲು ಬಿಡುವಿರಲಿಲ್ಲವೆಂದು ಯಾರು ಹೇಳಬಲ್ಲರು?

ಕಾನೂನಿನ ಸೂಕ್ಷ್ಮವನ್ನು ಕನ್ನಡವು ಹೊರಲಾರದೆಂಬ ಆಕ್ಷೇಪವೂ ಆಗಾಗ ಕೇಳಿಬರುತ್ತದೆ. ಹೀಗೆನ್ನುವವರು ಒಂದು ಸಂತೆಯ ದಿನ ಯಾವುದಾದರೂ ಚಹದ ಅಂಗಡಿಯಲ್ಲಿ ಕುಳಿತು ರೈತರ ಮಾತನ್ನು ಕೇಳಲಿ. ಪಹಣಿ, ಖಾತೆ, ಪೋಡಿ, ದುರಸ್ತು, ಭೋಗ್ಯ, ಜಾಮೀನು, ಕರಾರು, ತಕರಾರು, ದಾವೆ, ಡಿಕ್ರಿ, ಅಮಲ್ಜಾರಿ! ಇವುಗಳಲ್ಲಿ ಅರ್ಧದಷ್ಟು ಮಾತುಗಳು ಎಲ್ಲೆಲ್ಲಿಂದಲೋ ಬಂದವು. ಬಂದು ನಮ್ಮವಾದವು, ಏಕೆಂದರೆ ಅವು ಕನ್ನಡದ ಕಾಗದದಲ್ಲಿ ಕನ್ನಡದ ಲಿಪಿಯಲ್ಲಿ ಬಂದವು. ಪೋಡಿಯ ಗಂಟನ್ನು ಬಿಡಿಸಬಲ್ಲವನಿಗೆ ಗ್ರಾಚ್ಯುಟಿಯ ಲೆಕ್ಕ ತಿಳಿಯದೆ? ಹೊಸ ಸಂಹಿತೆಗಳು ತಪಾಸಣೆಗಾರನನ್ನೂ ಸಹಾಯಕನನ್ನೂ ಒಂದೇ ಅಂಗಿಯಲ್ಲಿ ಹೊಗಿಸಿ ಮಾರುದ್ದದ ಹೆಸರಿಟ್ಟಿವೆ. ಅವನನ್ನು ಜನರು ಲೇಬರ್ ಇನ್‌ಸ್ಪೆಕ್ಟರ್ ಎಂದೇ ಕರೆದಾರು, ಕರೆಯಲಿ. ಹೆಸರಿನ ಮಡಿವಂತಿಕೆ ನಮಗೆ ಬೇಡ. ವಾಕ್ಯವು ಕನ್ನಡದ್ದಾಗಿರಲಿ.

ಯಜಮಾನರೂ ಈ ವಿಷಯದಲ್ಲಿ ನಮ್ಮೊಡನೆ ನಿಲ್ಲುವುದೇ ಅವರಿಗೆ ಲೇಸು. ದೊಡ್ಡ ಕಂಪೆನಿಗೆ ಬೆಂಗಳೂರಿನಲ್ಲಿ ವಕೀಲರ ಪಡೆಯಿದೆ. ಹನ್ನೆರಡು ಆಳುಗಳನ್ನಿಟ್ಟುಕೊಂಡ ಅಕ್ಕಿ ಗಿರಣಿಯವನಿಗೆ ಯಾರಿದ್ದಾರೆ? ಕೊಡಬೇಕಾದುದಕ್ಕಿಂತ ಕಡಿಮೆ ಸಂಬಳ ಕೊಟ್ಟರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಸಂಬಳ ಬಾಕಿಯೆಂದು ದುಡಿದವನು ಅರ್ಜಿ ಹಾಕಿದರೆ ಕೊಟ್ಟಿದ್ದೇನೆಂದು ರುಜುವಾತು ಪಡಿಸುವ ಹೊರೆ ಯಜಮಾನನ ಮೇಲಿದೆ, ಅರ್ಜಿ ಹಾಕಲು ಮೂರು ವರ್ಷದ ಅವಕಾಶವಿದೆ. ಕನ್ನಡದ ಕೈಬರಹದ ಲೆಕ್ಕದ ಪುಸ್ತಕದಲ್ಲಿ ಜೀವಮಾನ ಕಳೆದವನಿಗೆ ಈ ಕಲಮುಗಳನ್ನು ಯಾರೂ ಕನ್ನಡದಲ್ಲಿ ತಿಳಿಸದೆ ದಂಡವನ್ನು ಮಾತ್ರ ಶುದ್ಧ ಕನ್ನಡದಲ್ಲಿ ತಿಳಿಸುವುದು ನ್ಯಾಯವಲ್ಲ.

ಇನ್ನು ನಮ್ಮ ರಾಜ್ಯ ಸರ್ಕಾರದವರ ಕನ್ನಡಾಭಿಮಾನದ ವಿಚಾರ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯನ್ನು ತಿದ್ದಿ, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡವಿರಬೇಕೆಂದು ವಿಧಿಸಿದರು. ನಾವು ಸಂತೋಷಪಟ್ಟೆವು. ಆದರೆ ಬಾಗಿಲ ಮೇಲೆ ನೂರಕ್ಕೆ ಅರವತ್ತಿದ್ದ ಕನ್ನಡವು ಬಾಗಿಲ ಒಳಗಿನ ನೇಮಕಾತಿ ಪತ್ರದಲ್ಲಿ ನೂರಕ್ಕೆ ಎಷ್ಟೆಂದು ಅಳೆದು ನೋಡಿದವರಿದ್ದಾರೆಯೆ? ಫಲಕವನ್ನು ಓದುವವನು ದಾರಿಹೋಕ. ಪತ್ರವನ್ನು ಓದಬೇಕಾದವನು ಅನ್ನ ದುಡಿಯುವವ. ಅದೇ ವರ್ಷದ ಜುಲೈ 15ರಂದು, ಖಾಸಗಿ ಉದ್ಯಮಗಳ ಮೇಲ್ದರ್ಜೆಯ ಕೆಲಸಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ ಮೀಸಲೆಂಬ ಮಸೂದೆಗೆ ಸಚಿವ ಸಂಪುಟವು ಒಪ್ಪಿಗೆಯಿತ್ತಿತು. ಉದ್ಯಮಪತಿಗಳು ಗದ್ದಲವೆಬ್ಬಿಸಿದರು, ಎರಡೇ ದಿನಗಳಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಆ ಮಸೂದೆಯಲ್ಲಿ ನಮಗೆ ವಿಚಿತ್ರವೆನಿಸಿದ ಒಂದು ಅಂಶವೆಂದರೆ, ಶಾಲೆಯಲ್ಲಿ ಕನ್ನಡ ಕಲಿಯದ ಅಭ್ಯರ್ಥಿಗೆ ಕನ್ನಡದ ಪರೀಕ್ಷೆಯನ್ನು ಇಟ್ಟಿದ್ದರು. ಕೆಲಸಕ್ಕೆ ಸೇರುವವನಿಗೆ ಕನ್ನಡದ ಪರೀಕ್ಷೆ. ಅವನ ಕೈಗೆ ಬರುವ ಕಾಗದಕ್ಕೆ ಯಾವ ಪರೀಕ್ಷೆಯೂ ಇಲ್ಲ!

ಸ್ಥಳೀಯರ ಮೀಸಲಾತಿಯ ಮಾತೆತ್ತಿದರೆ ಉದ್ಯಮಗಳು ಊರು ಬಿಟ್ಟು ಹೋದಾವೆಂಬ ಭಯವನ್ನು ಹುಟ್ಟಿಸುತ್ತಾರೆ. ನಾವು ಇಲ್ಲಿ ಕೇಳುತ್ತಿರುವುದರಿಂದ ಒಂದು ಉದ್ಯಮವೂ ಕದಲಬೇಕಾಗಿಲ್ಲ, ಒಬ್ಬ ಹೊರನಾಡಿನವನ ಕೆಲಸವೂ ಹೋಗಬೇಕಾಗಿಲ್ಲ. ಅಷ್ಟೇ ಅಲ್ಲ, ಈ ನ್ಯಾಯವು ಅವನಿಗೂ ಸಲ್ಲತಕ್ಕದ್ದು. ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ 2022ರ ಮಾರ್ಚ್ ತಿಂಗಳಲ್ಲಿ ಗುಡ್ಡವು ಕುಸಿದು ಕೂಲಿಕಾರರು ಕಲ್ಲಿನಡಿಯಲ್ಲಿ ಸಿಕ್ಕಿ ಪ್ರಾಣಬಿಟ್ಟರು. ನಮ್ಮ ಕಲ್ಲುಗಣಿಗಳಲ್ಲಿ ಉತ್ತರದೇಶದಿಂದ ಬಂದು ದುಡಿಯುವವರಿದ್ದಾರೆ. ಅಪಾಯದ ಸೂಚನೆ ಅವರಿಗೆ ಅವರ ನುಡಿಯಲ್ಲಿ ತಿಳಿಯಬೇಡವೆ? ಹಾಗೆಯೇ ಗುಂಡ್ಲುಪೇಟೆಯ ಕಡೆಯಿಂದ ನಮ್ಮವರು ಗಡಿ ದಾಟಿ ವಯನಾಡಿನ ಹೊಲತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಕನ್ನಡದ ಕಾಗದವನ್ನು ಕೇಳುವ ಬಾಯಿ ನಮಗಿರಬೇಕಾದರೆ ಇಲ್ಲಿ ಅನ್ಯರ ಮಾತಿಗೆ ಕಿವಿ ಇರಬೇಕು. ಬಹುಮಂದಿಯ ಭಾಷೆಯೆಂಬ ಹಳೆಯ ಕಾಯಿದೆಯ ಮಾತು ಇದಕ್ಕೆಲ್ಲ ಎಡೆ ಕೊಟ್ಟಿದ್ದಿತು.

ಸರ್ಕಾರವು ಮಾಡಬಹುದಾದುದು ದೊಡ್ಡದೇನೂ ಅಲ್ಲ. ನೇಮಕಾತಿ ಪತ್ರದ ನಮೂನೆಯನ್ನು ಗೊತ್ತುಪಡಿಸುವ ಅಧಿಕಾರ ಆಯಾ ಸರ್ಕಾರಕ್ಕೆ ಸೇರಿದೆಯೆಂದು ಸಂಹಿತೆಯೇ ಹೇಳಿದೆ. ಗಣಿ, ಬ್ಯಾಂಕು, ರೈಲ್ವೆ ಮೊದಲಾದವುಗಳಲ್ಲಿ ಆ ಸರ್ಕಾರವೆಂದರೆ ದೆಹಲಿಯದು. ಅಕ್ಕಿ ಗಿರಣಿ, ಹೋಟೆಲು, ಅಂಗಡಿ, ಸಿದ್ಧ ಉಡುಪಿನ ಕಾರ್ಖಾನೆ ಇವುಗಳಲ್ಲಿ ಬೆಂಗಳೂರಿನದು. ಬೆಂಗಳೂರಿನ ಕೈಯಲ್ಲಿರುವ ನಮೂನೆಯು ಕನ್ನಡದಲ್ಲಿರಬೇಕು. ಪಕ್ಕದಲ್ಲಿ ಇಂಗ್ಲಿಷ್ ಬೇಕೆನ್ನುವವರು ಇಟ್ಟುಕೊಳ್ಳಲಿ. ಸಂಬಳದ ಚೀಟಿ, ಗೋಡೆಯ ಸಾರಾಂಶ, ಪಾಳಿಯ ಸಮ್ಮತಿಪತ್ರ ಇವು ಬಹುಮಂದಿಗೆ ತಿಳಿಯುವ ಭಾಷೆಯಲ್ಲಿ ಇಲ್ಲದಿದ್ದರೆ ಅವುಗಳನ್ನು ಕೊಟ್ಟಂತೆಯೇ ಆಗಲಿಲ್ಲವೆಂದು ನಿಯಮದಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲಿಲ್ಲದೆ ಕನ್ನಡದಲ್ಲಿ ಕೊಡಲು ಪ್ರಯತ್ನಿಸತಕ್ಕದ್ದು ಎಂಬಂಥ ಉಪದೇಶದ ಸುತ್ತೋಲೆಯನ್ನು ಹೊರಡಿಸಿದರೆ ಅದು ಕೋಲೆ ಬಸವನ ತಲೆಯಾಟವಾದೀತು.

ಉಪಾಧ್ಯಾಯ ಮಹಾಶಯರಲ್ಲಿ ಒಂದು ವಿಶೇಷ ವಿಜ್ಞಾಪನೆ. ಖಾಸಗಿ ಶಾಲೆಗಳ ಶಿಕ್ಷಕರಿಗೂ ಗ್ರಾಚ್ಯುಟಿಯ ಹಕ್ಕುಂಟೆಂದು 2009ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಅದು 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಸಲ್ಲತಕ್ಕದ್ದೆಂದು ವಿಧಿಸಲಾಯಿತು. 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪದವಿ ಪಡೆದು ಇಂಗ್ಲಿಷನ್ನು ಪಾಠ ಹೇಳುವ ನಿಮ್ಮಲ್ಲಿಯೇ ಎಷ್ಟು ಮಂದಿಗೆ ಇದು ಕಾಲಕ್ಕೆ ಸರಿಯಾಗಿ ತಿಳಿದಿತ್ತು? ನಿಮಗೇ ಹೀಗಾದರೆ ರೇಷ್ಮೆಗೂಡು ಬೇಯಿಸುವವಳ ಪಾಡೇನು? ಆದಕಾರಣ ನಿಮ್ಮ ಊರಿನ ವಾಚನಾಲಯದಲ್ಲಿ, ಸಂತೆಯ ದಿನ ಸಂಜೆ, ವೇತನ ಸಂಹಿತೆಯ ನಾಲ್ಕು ಮುಖ್ಯ ಕಲಮುಗಳನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸವನ್ನು ನೀವೇ ಆರಂಭಿಸಬೇಕು. ಸಂಬಳ ಯಾವ ದಿನದೊಳಗೆ ಬರಬೇಕು, ಕಡಿತ ಯಾವುದಕ್ಕೆ ಸಲ್ಲುತ್ತದೆ, ಚೀಟಿಯಲ್ಲಿ ಏನಿರಬೇಕು, ಬಾಕಿಗೆ ಎಲ್ಲಿ ಅರ್ಜಿ ಹಾಕಬೇಕು, ಇಷ್ಟಾದರೆ ಸದ್ಯಕ್ಕೆ ಸಾಕು.

ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬೇಕು. ಕೇಂದ್ರದ ಅಧಿಕಾರಿಗಾಗಲಿ ರಾಜ್ಯದ ಅಧಿಕಾರಿಗಾಗಲಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲನ್ನು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಪ್ರತಿಯೊಬ್ಬನಿಗೂ ಕೊಟ್ಟಿದೆ. ಕಚೇರಿಯ ಗುಮಾಸ್ತೆಯು ಇಂಗ್ಲಿಷಿನಲ್ಲಿ ತನ್ನಿರೆಂದು ಹಿಂದಿರುಗಿಸಿದರೆ, ಹಿಂದಿರುಗಿಸಿದ ಕಾರಣವನ್ನು ಅರ್ಜಿಯ ಮೇಲೆಯೇ ಬರೆದು ರುಜು ಹಾಕಿ ಕೊಡೆಂದು ಕೇಳಿರಿ. ಬರೆದುಕೊಟ್ಟರೆ ಆ ಕಾಗದವನ್ನು ಜೋಪಾನವಾಗಿಡಿರಿ. ಮುಂದಿನ ದಾವೆಗೆ ಅದೇ ಮೊದಲನೆಯ ದಾಖಲೆ.